ಕಡ್ಡಿ ಅಕ್ಕನ ಗೀಟು

ಬ್ಲಡ್ ಬ್ಯಾಂಕಿನ ಕೌಂಟರಿನಲ್ಲಿ ಕೂರುತ್ತಿದ್ದ ಹೆಂಗಸಿಗೆ ಇಡೀ ಆಸ್ಪತ್ರೆ ಇಟ್ಟಿದ್ದ ಹೆಸರು ಕಡ್ಡಿ ಅಕ್ಕ. ಕಡ್ಡಿಯ ಹಾಗಿದ್ದಳು ಅಂತಲ್ಲ. ಅವಳು ಕೂತರೆ ಕುರ್ಚಿಯೇ ಒಮ್ಮೆ ನಿಟ್ಟುಸಿರು ಬಿಡುತ್ತಿತ್ತು. ಮಾತು ಮಾತ್ರ ಕಡ್ಡಿ ತುಂಡು ಮಾಡಿದ ಹಾಗೆ. ರಕ್ತ ಕೊಡಲು ಬಂದವರನ್ನು ಪ್ರಶ್ನೆ ಕೇಳಿ ಒಳಗೆ ಬಿಡುವವಳೂ ಅವಳೇ, ಮಂಚದ ಮೇಲೆ ಮಲಗಿಸಿ ಸೂಜಿ ಹಾಕುವವಳೂ ಅವಳೇ. ಸೂಜಿ ಹೋಗಿದ್ದು ಗೊತ್ತಾಗುತ್ತಿರಲಿಲ್ಲ, ಮಾತು ಹೋಗಿದ್ದು ಗೊತ್ತಾಗುತ್ತಿತ್ತು. "ಹೊಟ್ಟೆ ತುಂಬ ತಿಂದು ಬಂದಿದ್ದೀಯಾ, ಇಲ್ಲಾ ನನ್ನ ಮೇಲೆ ಬೀಳೋಣ ಅಂತ ಬಂದಿದ್ದೀಯಾ?" ಅನ್ನುವಳು. ಸೂಜಿ ನೋಡಿ ಬೆವೆತ ಪೈಲ್ವಾನನಿಗೆ, "ಮೀಸೆ ತಂದಿದ್ದೀಯ, ಧೈರ್ಯ ಮನೇಲೇ ಮರೆತು ಬಂದ್ಯಾ?" ಅನ್ನುವಳು. ಜನ ಬೈಸಿಕೊಂಡೂ ಅವಳ ಸಾಲಿನಲ್ಲೇ ನಿಲ್ಲುತ್ತಿದ್ದರು.

ಅಂಥ ಬಾಯಿ ಸೋಲುತ್ತಿದ್ದ ಜಾಗ ಒಂದಿತ್ತು. ರಕ್ತ ಕೊಡುವವರ ಹಾಳೆಯಲ್ಲಿ ಮೇಲಿನ ಪ್ರಶ್ನೆಗಳೆಲ್ಲ ಸಾಧು ಪ್ರಶ್ನೆಗಳು: ಜ್ವರ ಬಂದಿತ್ತಾ, ಕಾಮಾಲೆ ಆಗಿತ್ತಾ, ಹಚ್ಚೆ ಹಾಕಿಸಿಕೊಂಡಿದ್ದೀರಾ. ಕೆಳಗಿನ ನಾಲ್ಕು ಹಾಗಲ್ಲ. ದುಡ್ಡು ಕೊಟ್ಟು ಯಾರ ಹತ್ತಿರವಾದರೂ ಹೋಗಿದ್ದೀರಾ? ಒಬ್ಬರಿಗಿಂತ ಹೆಚ್ಚು ಜನರ ಸಂಗವಿದೆಯಾ? ನಶೆಯ ಸೂಜಿ ಚುಚ್ಚಿಕೊಂಡಿದ್ದೀರಾ? ಗಂಡಸಾಗಿದ್ದರೆ, ಗಂಡಸಿನ ಜೊತೆ ಮಲಗಿದ್ದೀರಾ? ಈ ಕೊನೆಯದಕ್ಕೆ ಹೌದು ಅಂದವನು ಜನ್ಮದಲ್ಲಿ ಮತ್ತೆ ಆ ಮಂಚ ಹತ್ತುವಂತಿಲ್ಲ. ಎಲ್ಲೋ ತಣ್ಣಗೆ ಕೂತು ನಿಯಮ ಬರೆದವರಿಗೇನು, ಬರೆದು ಎದ್ದು ಹೋದರು. ಅದನ್ನು ಒಬ್ಬ ಗೃಹಸ್ಥನ ಮುಖ ನೋಡಿಕೊಂಡು ಓದಿ ಹೇಳುವ ಪಾಡು ಕೌಂಟರಿನವರದು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳು ಓದಿ ಹೇಳಿದ್ದಳು. ಕೇಳಿಸಿಕೊಂಡವರು ಊರಿನ ಗಣ್ಯರಲ್ಲಿ ಒಬ್ಬರು. ಮೇಜು ಗುದ್ದಿದರು, ಕೂಗಾಡಿದರು, ದೂರು ಕೊಟ್ಟರು. ದೊಡ್ಡ ಡಾಕ್ಟರು ಅವಳನ್ನು ಒಳಗೆ ಕರೆದು, "ಕಣ್ಣು ಯಾಕಿದೆ ನಿಮಗೆ? ಮರ್ಯಾದಸ್ಥರು ಯಾರು, ಅಂಥವರು ಯಾರು ಅಂತ ನೋಡಿದ್ರೆ ಗೊತ್ತಾಗಲ್ವಾ?" ಅಂದರು. ಅವತ್ತಿನಿಂದ ಗೀಟು ಶುರುವಾಯಿತು. ಕೆಳಗಿನ ನಾಲ್ಕು ಪ್ರಶ್ನೆಗಳ 'ಇಲ್ಲ' ಅನ್ನುವ ಮನೆಗಳ ಮೇಲೆ ಮೇಲಿಂದ ಕೆಳಕ್ಕೆ ಒಂದೇ ಗೀಟು. ಯಾರನ್ನೂ ಕೇಳುವ ಹಾಗಿಲ್ಲ, ಯಾರೂ ಹೇಳುವ ಹಾಗಿಲ್ಲ. ಮುಖ ನೋಡಿ ಮಣೆ ಹಾಕುವುದು ಅಂದರೆ ಇದೇ. ನಡಿಗೆ ಬಳುಕಿದರೆ, ಹುಬ್ಬು ತೀಡಿದ್ದರೆ, ದನಿ ಮೆತ್ತಗಿದ್ದರೆ ಅವನಿಗೆ ಮಾತ್ರ ಬಾಗಿಲು ತೋರಿಸುವುದು. ಬರಬರುತ್ತಾ ಕಡ್ಡಿ ಅಕ್ಕನಿಗೆ ಇದರಲ್ಲಿ ಹೆಮ್ಮೆಯೂ ಬಂತು. "ನನ್ನ ಕಣ್ಣು ತಪ್ಪಿಸಿ ಒಬ್ಬನೂ ಒಳಗೆ ಹೋಗಿಲ್ಲ" ಅಂತ ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಾ ಹೇಳುವಳು. ಹೇಳುವಾಗ ಮೂಗು ಕೊಂಚ ಮೇಲಕ್ಕೇ ಇರುತ್ತಿತ್ತು.

ಮನೆಯಲ್ಲಿ ಅವಳಿಗೆ ಇದ್ದವನು ಒಬ್ಬ ತಮ್ಮ. ತಾಯಿ ತೀರಿಕೊಂಡಾಗ ಅವನಿಗೆ ಚಡ್ಡಿಯ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಅವನನ್ನು ಬಿಟ್ಟು ಬರಲ್ಲ ಅಂದದ್ದಕ್ಕೆ ಅವಳಿಗೆ ಬಂದ ಸಂಬಂಧಗಳೆಲ್ಲ ಹೊಸಿಲಿನಿಂದಲೇ ತಿರುಗಿ ಹೋದವು. ಆಮೇಲೆ ಬರುವುದೂ ನಿಂತಿತು. ತಮ್ಮ ಬೆಳೆದು ಲಿಫ್ಟ್ ರಿಪೇರಿಯವನಾದ. ಬಾಗಿಲಗಲದ ಎದೆ, ಪೊದೆಯಂಥ ಮೀಸೆ, ಬೆರಳುಗಳಲ್ಲಿ ಎಷ್ಟು ತೊಳೆದರೂ ಹೋಗದ ಗ್ರೀಸು. ಆಸ್ಪತ್ರೆಯ ಲಿಫ್ಟ್ ಕೆಟ್ಟರೂ ಅವನೇ ಬರಬೇಕು. ಮದುವೆಯ ಮಾತು ತೆಗೆದರೆ, "ಸುಮ್ನಿರು ಅಕ್ಕ, ಊಟ ಹಾಕು" ಅಂದು ತಟ್ಟೆಗೆ ತಲೆ ಬಗ್ಗಿಸುವನು. ನಾಚಿಕೆ ಸ್ವಭಾವ ಅಂದುಕೊಂಡಿದ್ದಳು. ಬೇರೆಯವರ ಮುಖದಲ್ಲಿ ಜಾತಕ ಓದುವವಳಿಗೆ ಎದುರಿಗೆ ಕೂತು ಅನ್ನ ಕಲಸುವವನ ಮುಖ ಓದಲು ಬರಲಿಲ್ಲ.

ಮೂರು ನಾಲ್ಕು ತಿಂಗಳಿಗೊಮ್ಮೆ ಅವನು ತಪ್ಪದೆ ರಕ್ತ ಕೊಡಲು ಬರುತ್ತಿದ್ದ. ಬೇರೆಯವರ ಸೂಜಿಗೆ ತೋಳು ಕೊಡುತ್ತಿರಲಿಲ್ಲ. ಅವಳು ಹಾಳೆ ಎಳೆದುಕೊಂಡು ಗೀಟು ಹಾಕುವಾಗ ಅವನು ಕತ್ತು ಚಾಚಿ ಅದನ್ನೇ ನೋಡುವನು. ನೋಡಿ ಒಂದು ಸಣ್ಣ ನಗೆ ನಗುವನು. ಅವಳು ತೋಳಿನ ಮೇಲೆ ಛಟ್ಟಂತ ಹೊಡೆದು, "ಒಳ್ಳೆ ಪೈಪ್ ಇದ್ದ ಹಾಗಿದೆ ನರ, ಕುರುಡಿಯೂ ಸೂಜಿ ಹಾಕ್ತಾಳೆ" ಅನ್ನುವಳು. ತುಂಬಿದ ಚೀಲವನ್ನು ಎತ್ತಿ ಹಿಡಿದು, "ನೋಡ್ರೋ, ಇದು ನಾನು ಅನ್ನ ಹಾಕಿ ಬೆಳೆಸಿದ್ದು" ಅಂತ ಒಳಗಿದ್ದವರಿಗೆಲ್ಲ ತೋರಿಸುವಳು. ಅವಳ ಬದುಕಿನಲ್ಲಿ ಜಂಬ ಪಡಲು ಇದ್ದದ್ದು ಅದಿಷ್ಟೇ.

ಹೆದ್ದಾರಿಯಲ್ಲಿ ಬಸ್ಸು ಮಗುಚಿದ ದಿನ ರಕ್ತ ಬೇಕು ಅಂತ ಊರೆಲ್ಲ ಸುದ್ದಿಯಾಯಿತು. ಬ್ಲಡ್ ಬ್ಯಾಂಕಿನ ಸಾಲು ಗೇಟಿನವರೆಗೂ ಬೆಳೆಯಿತು. ಕಡ್ಡಿ ಅಕ್ಕ ಪಟಪಟನೆ ಗೀಟು ಎಳೆಯುತ್ತಾ ಕೂತಿದ್ದಳು. ಸಾಲಿನಲ್ಲಿ ಒಬ್ಬ ಮುಂದೆ ಬಂದ. ಇಸ್ತ್ರಿ ಮಾಡಿದ ಅಂಗಿ, ಒಂದು ಕಿವಿಯಲ್ಲಿ ಸಣ್ಣ ಹರಳು, ತೀಡಿದ ಹುಬ್ಬು. ಅವಳನ್ನು ನೋಡಿದ್ದೇ ಅವನ ಮುಖ ಅರಳಿತು.

"ನಮಸ್ಕಾರ ಅಕ್ಕಾ" ಅಂದ.

"ಯಾರಿಗಪ್ಪಾ ಅಕ್ಕ? ನಡಿ, ನಿನ್ನಂಥವರದು ನಮಗೆ ಬೇಡ."

ಅವನ ನಗು ಅಲ್ಲೇ ನಿಂತಿತು. "ಪ್ರಶ್ನೆ ಕೇಳಿ. ಉತ್ತರ ಹೇಳ್ತೀನಿ."

"ಕೇಳೋದೇನು ಬಂತು? ಕಣ್ಣಿಗೆ ಕಾಣ್ತಾ ಇದೆಯಲ್ಲ. ಬಸ್ಸಲ್ಲಿ ಬಿದ್ದು ಸಾಯ್ತಿರೋರಿಗೆ ನಿನ್ನ ರಕ್ತ ಹಾಕಿ ಇನ್ನೊಂದು ಸಲ ಸಾಯಿಸಲಾ?"

ಸಾಲು ಹೋ ಅಂತ ನಕ್ಕಿತು. ಗಾಯಗೊಂಡವರಿಗಾಗಿ ಕರುಳು ಕರಗಿ ಬಂದಿದ್ದ ಸಾಲು ಅದೇ. ಅವನು ಪಕ್ಕಕ್ಕೆ ಸರಿದು ಗೋಡೆಯ ಹತ್ತಿರ ನಿಂತ. ಅವನ ಬೆನ್ನ ಹಿಂದೆ ನಿಂತಿದ್ದವನು ತಮ್ಮ. ತಮ್ಮನನ್ನು ಕಂಡದ್ದೇ ಅವಳು ಹಾಳೆ ಎಳೆದುಕೊಂಡು ಗೀಟು ಹಾಕಿ, "ಹೋಗಿ ಮಲ್ಕೋ, ಬಂದೆ" ಅಂದಳು.

"ನನ್ನ ಯಾಕೆ ಕೇಳ್ಲಿಲ್ಲ?" ಅಂದ ಅವನು.

"ನಿನ್ನ ಏನೋ ಕೇಳೋದು?"

"ಅವನನ್ನ ಏನಂತ ಓಡಿಸಿದ್ಯೋ ಅದನ್ನೇ. ಕೇಳು."

"ತಲೆ ಕೆಟ್ಟಿದೆಯಾ? ಜನ ಕಾಯ್ತಿದ್ದಾರೆ."

"ಕೇಳಲ್ವಾ? ಹಾಗಾದ್ರೆ ಕೇಳದೇನೇ ಹೇಳ್ತೀನಿ. ಹೌದು. ನಿನ್ನೆ ಮೊನ್ನೆಯದಲ್ಲ, ತುಂಬಾ ವರ್ಷದಿಂದ. ಅವನ ಜೊತೆನೇ." ತಮ್ಮ ಗೋಡೆಯ ಕಡೆ ಕೈ ತೋರಿಸಿದ. "ನಿನಗೆ ಪರಿಚಯ ಮಾಡಿಸೋಣ ಅಂತ ಇವತ್ತು ಕರ್ಕೊಂಡು ಬಂದೆ. ಬಸ್‌ಸ್ಟ್ಯಾಂಡ್ ಪಕ್ಕ ಕನ್ನಡಕದ ಅಂಗಡಿ ಇಟ್ಟಿದ್ದಾನೆ. ನಾನು ತಂದುಕೊಟ್ಟೆನಲ್ಲ, ನಿನ್ನ ಮೂಗಿನ ಮೇಲಿರೋ ಕನ್ನಡಕ, ಅದು ಅವನು ಮಾಡಿದ್ದೇ."

ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದರು. ಅವಳ ಮೈಯೆಲ್ಲ ಬೆಂಕಿ ಹತ್ತಿತು. ಇಷ್ಟು ಜನರೆದುರು ತಮ್ಮ ತನ್ನ ಮಾನ ಕಳೆದ ಅನ್ನುವುದೊಂದೇ ಆ ಹೊತ್ತಿಗೆ ಅವಳ ತಲೆಯಲ್ಲಿ ಇದ್ದದ್ದು. ನಾಲಿಗೆಗೆ ಎಲುಬಿಲ್ಲವಲ್ಲ, ಹೊರಳಿತು. "ಇಷ್ಟು ವರ್ಷ ನನ್ನ ಕೈಯಿಂದಲೇ ಊರಿಗೆಲ್ಲ ವಿಷ ಹಾಕಿಸಿದೆಯಲ್ಲೋ, ಪಾಪಿ!" ಅಂದಳು.

ತಮ್ಮ ಮಡಿಸಿದ್ದ ಅಂಗಿಯ ತೋಳನ್ನು ಇಳಿಸಿದ. "ಪ್ರತಿ ಚೀಲಾನೂ ಪರೀಕ್ಷೆ ಮಾಡಿದ್ದು ನೀವೇ. ಒಂದಾದ್ರೂ ಕೆಟ್ಟಿತ್ತಾ? ಇದ್ರೆ ಹೇಳು" ಅಂದ. ಒಂದೂ ಕೆಟ್ಟಿರಲಿಲ್ಲ. ಅವರಿಬ್ಬರೂ ಹೊರಗೆ ಹೋದರು. ಸಂಜೆ ಅವಳು ಮನೆಗೆ ಬಂದಾಗ ಮಹಡಿಯ ಕೋಣೆಯಲ್ಲಿ ಅವನ ಬಟ್ಟೆಗಳಿರಲಿಲ್ಲ. ಅಡುಗೆಮನೆಯ ನಲ್ಲಿ ಸೋರುತ್ತಿದ್ದದ್ದನ್ನು ಸರಿಮಾಡಿ ಹೋಗಿದ್ದ. ಅದನ್ನು ಕಂಡು ಅವಳಿಗೆ ಇನ್ನೂ ಸಿಟ್ಟು ಬಂತು.

ಮರುದಿನ ನೆಟ್ಟಗೆ ದೊಡ್ಡ ಡಾಕ್ಟರ ಕೋಣೆಗೆ ಹೋದಳು. ತಮ್ಮನ ವಿಷಯ ಆಗಲೇ ಅಲ್ಲಿಗೆ ಮುಟ್ಟಿತ್ತು.

"ಅವನದೆಲ್ಲ ಟೆಸ್ಟ್ ಸರಿ ಬಂದಿದೆಯಲ್ಲ? ಮತ್ತೇನು? ಬಾಯಿ ಮುಚ್ಕೊಂಡು ಕೆಲಸ ನೋಡಿ" ಅಂದರು ಡಾಕ್ಟರು.

"ಸರಿ ಬಂದಿದ್ರೆ ಆ ನಿಯಮ ಯಾಕೆ ಸಾರ್?"

"ಸೋಂಕು ಹೊಸದಾಗಿ ತಗುಲಿದ್ರೆ ಕೆಲವು ದಿನ ಟೆಸ್ಟಿಗೂ ಸಿಗಲ್ಲ. ಆ ಭಯಕ್ಕೆ ಮಾಡಿದ್ದಾರೆ."

"ದುಡ್ಡು ಕೊಟ್ಟು ಹೋಗಿ ಬರೋರಿಗೆ ಹೊಸದಾಗಿ ತಗುಲಲ್ವಾ? ಅವರಿಗೂ ಗೀಟು ಎಳ್ಕೊಂಡು ಬಂದಿದ್ದೀನಲ್ಲ, ನೀವು ಹೇಳಿದ್ರಿ ಅಂತ?"

ಡಾಕ್ಟರು ಕುರ್ಚಿಗೆ ಒರಗಿದರು. "ಬೇರೆ ಕಡೆ ಈಗ ಎಲ್ಲರಿಗೂ ಒಂದೇ ಪ್ರಶ್ನೆ ಕೇಳ್ತಾರಂತೆ. ಈಚೆಗೆ ಹೊಸಬರ ಸಂಗ ಮಾಡಿದ್ದೀರಾ ಅಂತ. ಗಂಡೋ ಹೆಣ್ಣೋ ಕೇಳಲ್ಲ."

"ನಾವೂ ಹಾಗೇ ಮಾಡೋಣ."

"ಮಾಡಿದ್ರೆ ನಮ್ಮ ಶಿಬಿರಕ್ಕೆ ಶಾಮಿಯಾನ ಹಾಕಿಸೋ ದೊಡ್ಡ ಮನುಷ್ಯರಲ್ಲಿ ಎಷ್ಟು ಜನ ಉಳೀತಾರೆ ಹೇಳಿ?" ಅಂದು ಅವರು ನಕ್ಕರು. "ಹಾವೂ ಸಾಯಬೇಕು, ಕೋಲೂ ಮುರೀಬಾರದು. ಹೋಗಿ, ಗೀಟು ಎಳೀರಿ."

ಆ ನಗು ಅವಳ ಹೊಟ್ಟೆಯಲ್ಲಿ ಹೋಗಿ ಕೂತಿತು. ತಮ್ಮನ ಮೇಲಿನ ಸಿಟ್ಟು ಕಡಿಮೆಯಾಯಿತು ಅಂತ ಯಾರೂ ತಿಳಿಯಬಾರದು. ಅದು ಹಾಗೇ ಇತ್ತು, ಅದರ ಪಕ್ಕಕ್ಕೆ ಇನ್ನೊಂದು ಬಂದು ಕೂತಿತು, ಅಷ್ಟೇ. ನನ್ನ ತಮ್ಮ ಹೊರಗೆ ಅಂದ ಮೇಲೆ ಇವರೆಲ್ಲ ಯಾವ ಮುಖ ಇಟ್ಟುಕೊಂಡು ಒಳಗೆ ಬರುತ್ತಾರೋ ನೋಡೇಬಿಡೋಣ ಅಂದುಕೊಂಡಳು. ಅವತ್ತಿನಿಂದ ಗೀಟು ನಿಂತಿತು. ಬಂದ ಪ್ರತಿಯೊಬ್ಬನಿಗೂ ನಾಲ್ಕೂ ಪ್ರಶ್ನೆ, ಸಾಲಿನ ಕೊನೆಯವನಿಗೂ ಕೇಳುವ ಹಾಗೆ.

ಮೊದಲು ಸಿಕ್ಕವರು ಗ್ರಾನೈಟ್ ಅಂಗಡಿಯ ಯಜಮಾನರು. ಹೆಂಡತಿಯನ್ನೂ ಫೋಟೋ ತೆಗೆಯುವವನನ್ನೂ ಕರೆದುಕೊಂಡು ರಕ್ತದಾನಕ್ಕೆ ಬಂದಿದ್ದರು. "ದುಡ್ಡು ಕೊಟ್ಟು ಯಾರ ಹತ್ರನಾದ್ರೂ ಹೋಗಿದ್ದೀರಾ?" ಅಂದಳು ಕಡ್ಡಿ ಅಕ್ಕ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಜಮಾನರು ಕಾಲರ್ ಮುಟ್ಟಿಕೊಂಡರು, ಬೆವರು ಒರೆಸಿಕೊಂಡರು, ಬಿಪಿ ಏರಿದ ಹಾಗಿದೆ ಅಂದು ಹೊರಗೆ ನಡೆದರು. ಹೆಂಡತಿ ಬೆನ್ನಿಗೇ ಹೋದಳು. "ಮೇಡಂ ಕೇಳಿದ್ದಕ್ಕೆ ನೀವು ಉತ್ತರ ಕೊಡ್ಲಿಲ್ಲವಲ್ಲ" ಅನ್ನುವುದು ಮೆಟ್ಟಿಲವರೆಗೂ ಕೇಳಿಸುತ್ತಿತ್ತು. ನಿವೃತ್ತಿಗೆ ಬಂದಿದ್ದ ಹೆಡ್‌ಮಾಸ್ಟರು, "ನನ್ನ ವಯಸ್ಸಿಗಾದ್ರೂ ಬೆಲೆ ಕೊಡಮ್ಮ" ಅಂದರು. "ನಿಮ್ಮ ವಯಸ್ಸಿಗೆ ರಕ್ತ ಬೇರೆ ಬಣ್ಣಕ್ಕೆ ತಿರುಗುತ್ತಾ ಸಾರ್?" ಅಂದಳು. ವ್ಯಾಯಾಮ ಶಾಲೆಯ ಹುಡುಗರು ಕೊನೆಯ ಪ್ರಶ್ನೆಗೆ ಅಂಗಿಯ ತೋಳು ಏರಿಸಿ ಹೊಡೆಯಲು ಬಂದರು. "ಏರಿಸಿದ್ದೀರಲ್ಲ, ಹಾಗೇ ಬಂದು ಮಲ್ಕೊಳ್ಳಿ" ಅಂದಳು. ಒಬ್ಬನೂ ಮಲಗಲಿಲ್ಲ.

ಊರು ಕೆಂಡವಾಯಿತು. ಕೇಳಬಾರದ್ದನ್ನು ಕೇಳುತ್ತಾಳಂತೆ, ತಮ್ಮ ಹಾಗಾದದ್ದಕ್ಕೆ ತಲೆ ಕೆಟ್ಟಿದೆಯಂತೆ ಅಂದರು. ಅವಳ ಮನೆಯ ಬಾಗಿಲ ಮೇಲೆ ಯಾರೋ ಇದ್ದಿಲಿನಿಂದ ಹೊಲಸು ಮಾತು ಬರೆದು ಹೋದರು. ಅವಳು ಅದನ್ನು ಒರೆಸಲೂ ಇಲ್ಲ. "ಬರೆದವನಿಗೆ ಅಕ್ಷರ ಬರುತ್ತೆ ಅಂತ ಗೊತ್ತಾಯ್ತಲ್ಲ, ಸಂತೋಷ" ಅಂದಳು ಪಕ್ಕದ ಮನೆಯವಳಿಗೆ.

ಆದರೆ ಒಂದು ಮಧ್ಯಾಹ್ನ ಒಬ್ಬ ಬಸ್ ಡ್ರೈವರ್ ಬಂದ. ಒರಟು ಆಳು, ಕೊರಳಿಗೆ ಕರವಸ್ತ್ರ, ಅಂಗೈ ತುಂಬ ಕಾಯಿಗಟ್ಟಿದ ಚರ್ಮ. ಅವಳ ಹಳೆಯ ಕಣ್ಣಾಗಿದ್ದರೆ ನೋಡದೆಯೇ ಗೀಟು ಎಳೆಯುತ್ತಿತ್ತು. ಕೊನೆಯ ಪ್ರಶ್ನೆಗೆ ಅವನು ಸ್ವಲ್ಪ ಹೊತ್ತು ಮೇಜನ್ನೇ ನೋಡಿದ. "ಹೌದು" ಅಂದ, ಅವಳಿಗೆ ಮಾತ್ರ ಕೇಳುವಷ್ಟು. ಪ್ರಶ್ನೆ ಮಾತ್ರ ಎಲ್ಲರಿಗೂ ಕೇಳಿಸಿತ್ತು, ಮೌನವೂ ಕೇಳಿಸಿತ್ತು. ಹಿಂದೆ ಇದ್ದವನು ಒಂದು ಹೆಜ್ಜೆ ದೂರ ಸರಿದು ನಿಂತ. ಡ್ರೈವರ್ ಎದ್ದ. "ಇಷ್ಟು ಜೋರಾಗಿ ಕೇಳಬಾರದಿತ್ತು ಅಕ್ಕ. ನಾಳೆ ನಾನು ಇದೇ ಊರಲ್ಲಿ ಬಸ್ ಓಡಿಸಬೇಕು" ಅಂದು ತಲೆ ತಗ್ಗಿಸಿ ಹೋದ. ಆ ಬೆನ್ನು ಬಾಗಿಲು ದಾಟುವವರೆಗೂ ಅವಳು ನೋಡಿದಳು. ಯಾರನ್ನೋ ಚುಚ್ಚಲು ಎತ್ತಿದ ಸೂಜಿ ಯಾರಿಗೆ ಹೋಯಿತು ಅಂತ ಅವಳಿಗೆ ಗೊತ್ತಾಯಿತು. ಅವತ್ತು ಊಟದ ಡಬ್ಬಿ ತೆರೆಯಲಿಲ್ಲ.

ಫ್ರಿಜ್ಜುಗಳು ಖಾಲಿಯಾಗತೊಡಗಿದವು. ದೊಡ್ಡ ಡಾಕ್ಟರು ಕೂಗಾಡಿದರು. "ನಿಮ್ಮ ಹಟಕ್ಕೆ ರೋಗಿಗಳು ಸಾಯಬೇಕಾ?"

"ನಾನು ಹಟ ಮಾಡ್ಲಿಲ್ಲ ಸಾರ್, ನಿಮ್ಮ ನಿಯಮ ಓದಿದೆ. ಓದಿದ್ದಕ್ಕೇ ಆಸ್ಪತ್ರೆ ಖಾಲಿಯಾಯ್ತು ಅಂದ್ರೆ ಕೆಟ್ಟಿರೋದು ನನ್ನ ಬಾಯೋ, ಅದೋ?"

ಉತ್ತರಕ್ಕೆ ಬದಲು ಅವಳನ್ನು ನೆಲಮಾಳಿಗೆಗೆ ಹಾಕಿದರು. ಅಲ್ಲಿ ರಕ್ತದ ಚೀಲಗಳನ್ನು ಗುಂಪಿನ ಪ್ರಕಾರ ಜೋಡಿಸಿಟ್ಟು, ಮೇಲಿನಿಂದ ಕರೆ ಬಂದಾಗ ಡಬ್ಬದಲ್ಲಿ ಹಾಕಿಕೊಂಡು ಆಪರೇಷನ್ ಕೋಣೆಗೆ ಮುಟ್ಟಿಸುವ ಕೆಲಸ. ಕೌಂಟರಿಗೆ ಹೊಸಬಳು ಬಂದಳು. ಗೀಟು ಎಳೆಯುವುದನ್ನು ಅವಳಿಗೆ ಡಾಕ್ಟರೇ ನಿಂತು ಕಲಿಸಿದರಂತೆ.

ನೆಲಮಾಳಿಗೆಯಲ್ಲಿ ಮಾತಾಡಲು ಯಾರೂ ಇರಲಿಲ್ಲ. ಫ್ರಿಜ್ಜುಗಳ ಗುಂಯ್ ಸದ್ದಿನಲ್ಲಿ ಕೂತು ಅವಳು ತನಗೆ ತಾನೇ ಒಂದು ಲೆಕ್ಕ ಹೇಳಿಕೊಂಡಳು: ಇದೆಲ್ಲ ನಾನು ಅವನಿಗೋಸ್ಕರ ಮಾಡಿದ್ದು. ಕೌಂಟರು ಹೋಯಿತು, ಊರು ಉಗಿಯಿತು, ಎಲ್ಲ ಅವನಿಗೋಸ್ಕರ. ಸಾವಿರ ಸಲ ಹೇಳಿಕೊಂಡರೆ ಸುಳ್ಳಿಗೂ ಮೂಳೆ ಬಲಿಯುತ್ತದೆ. ಅವನಿಗೆ ಇದು ಗೊತ್ತಾದರೆ ಸಾಕು, ಓಡಿ ಬರುತ್ತಾನೆ ಅಂತ ನಂಬಿ ಕೂತಳು.

ಕೊನೆಗೂ ಬಂದ, ಲಿಫ್ಟ್ ಕೆಟ್ಟಿತ್ತು ಅಂತ. ಅಲ್ಲಿಯವರೆಗೆ ಜೊತೆಗಾರರನ್ನೇ ಕಳಿಸುತ್ತಿದ್ದ. ಅವರ ಕೈಯಲ್ಲಿ ಆಗದಿದ್ದಕ್ಕೆ ತಾನೇ ಬಂದಿದ್ದ. ಮೇಲೆ ರಕ್ತ ಮುಟ್ಟಿಸಿ ಖಾಲಿ ಡಬ್ಬ ಹಿಡಿದುಕೊಂಡು ಅವಳು ನಾಲ್ಕನೇ ಮಹಡಿಯಲ್ಲಿ ಲಿಫ್ಟಿಗೆ ಕಾದರೆ, ಬಾಗಿಲು ತೆರೆದಾಗ ಒಳಗೆ ಗುಂಡಿಗಳ ಫಲಕ ಬಿಚ್ಚಿಟ್ಟುಕೊಂಡು ಅವನು ನಿಂತಿದ್ದ. ಸೊರಗಿರಲಿಲ್ಲ. ಚೆನ್ನಾಗೇ ಇದ್ದ. ಅದೂ ಅವಳಿಗೆ ಚುಚ್ಚಿತು.

"ಓಡ್ತಾ ಇದೆ. ಬೇಕಾದ್ರೆ ಬಾ" ಅಂದ. ಒಳಗೆ ಹೋದಳು. ಬಾಗಿಲು ಮುಚ್ಚಿತು. ಅವನು ಒಂದು ತಿರುಪು ಬಿಗಿ ಮಾಡುವುದು, ಲಿಫ್ಟ್ ಒಂದು ಮಹಡಿ ಇಳಿಯುವುದು, ನಿಲ್ಲುವುದು.

"ಎಲ್ಲರನ್ನೂ ಕೇಳಿದೆ ಕಣೋ" ಅಂದಳು ಅವಳೇ. "ಒಬ್ಬರನ್ನೂ ಬಿಡ್ಲಿಲ್ಲ. ಕೌಂಟರ್ ಹೋಯ್ತು, ನೆಲಮಾಳಿಗೆಗೆ ತಳ್ಳಿದ್ದಾರೆ. ನಿನಗೋಸ್ಕರ."

"ನನಗೋಸ್ಕರ ಅಲ್ಲ, ನಿನ್ನ ಸಿಟ್ಟಿಗೋಸ್ಕರ." ಅವನು ತಿರುಗಿ ನೋಡಲಿಲ್ಲ. "ಆ ಬಸ್ ಡ್ರೈವರ್ ನಮಗೆ ಗೊತ್ತಿರೋನು. ಈಗ ಬೇರೆ ಊರಿಗೆ ವರ್ಗ ಕೇಳ್ಕೊಂಡು ಹೋಗಿದ್ದಾನೆ. ಊರನ್ನೆಲ್ಲ ಕೇಳಿದೆ. ಅವತ್ತು ಅಕ್ಕಾ ಅಂತ ಬಂದವನ ಹತ್ರ ಹೋಗಿ ಒಂದು ಮಾತು ಆಡಿದ್ಯಾ?"

ಅವಳು ಖಾಲಿ ಡಬ್ಬವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು. ಲಿಫ್ಟ್ ಇನ್ನೊಂದು ಮಹಡಿ ಇಳಿಯಿತು.

"ಒಂದು ಕೇಳ್ತೀನಿ, ಹೌದು ಇಲ್ಲ ಅಷ್ಟು ಹೇಳು" ಅಂದ ಅವನು. ಈಗ ಅವಳ ಕಡೆ ತಿರುಗಿದ್ದ. "ಮೊದಲನೇ ಸಲ ರಕ್ತ ಕೊಡಕ್ಕೆ ಬಂದಾಗ ಆ ಹಾಳೆ ಓದ್ಕೊಂಡು ಬಂದಿದ್ದೆ. ನಿನ್ನ ಮುಂದೆ ಕೂತು ಎಲ್ಲಾ ಹೇಳಿಬಿಡೋಣ ಅಂತಲೇ ಬಂದಿದ್ದೆ. ನಾನು ಬಾಯಿ ತೆರೆಯೋ ಮೊದಲೇ ನೀನು ಗೀಟು ಎಳೆದೆ. ಎಳೆದು ನನ್ನ ಮುಖ ನೋಡಿ ನಕ್ಕೆ. ಅಕ್ಕನಿಗೆ ಗೊತ್ತು, ಗೊತ್ತಿದ್ದೂ ನನ್ನನ್ನ ಹೊಟ್ಟೆಗೆ ಹಾಕ್ಕೊಂಡಿದ್ದಾಳೆ ಅಂದ್ಕೊಂಡೆ. ಆಚೆ ಹೋಗಿ ಅತ್ತುಬಿಟ್ಟೆ ಅವತ್ತು. ಆಮೇಲೆ ಪ್ರತಿ ಸಲ ಬಂದಿದ್ದೂ ಅದಕ್ಕೇ, ಆ ಗೀಟು ನೋಡಕ್ಕೆ. ಎಲ್ಲರಿಗೂ ಹಾಗೇ ಎಳೀತೀಯ ಅಂತ ಗೊತ್ತಾಗಿದ್ದು ಬಸ್ಸು ಬಿದ್ದ ದಿನ ಸಾಲಲ್ಲಿ ನಿಂತಾಗ. ಅಕ್ಕ, ನಿಜ ಹೇಳು. ನಿನಗೆ ಗೊತ್ತಿತ್ತಾ?"

ಹೌದು ಅಂದರೆ ಮುಗಿಯುತ್ತಿತ್ತು. ಗೊತ್ತಿತ್ತು ಕಣೋ, ಅವತ್ತು ಜನರ ಮುಂದೆ ಬಾಯಿ ತಪ್ಪಿತು ಅಂದರೆ ತಮ್ಮ ಅಲ್ಲೇ ಕರಗಿ ಹೋಗುತ್ತಿದ್ದ. ಅವನ ಕಣ್ಣು ಆ ಒಂದು ಸುಳ್ಳಿಗಾಗಿ ಕಾಯುತ್ತಿತ್ತು. ಜೀವಮಾನವಿಡೀ ಸುಳ್ಳು ಗೀಟು ಎಳೆದವಳಿಗೆ ಇನ್ನೊಂದು ಎಳೆಯುವುದೇನು ದೊಡ್ಡದಲ್ಲ. ಆದರೆ ಅವಳ ಬಾಯಿಂದ ಬಂದದ್ದು ಬೇರೆ.

"ಇಲ್ಲ" ಅಂದಳು.

ತಮ್ಮ ತಲೆಯಾಡಿಸಿದ. ಫಲಕ ಮುಚ್ಚಿ ಕೊನೆಯ ತಿರುಪು ಬಿಗಿ ಮಾಡಿದ. ನೆಲಮಾಳಿಗೆ ಬಂತು, ಬಾಗಿಲು ತೆರೆಯಿತು. ಅವಳು ಇಳಿದು ಹೊರಗೆ ನಿಂತು ತಿರುಗಿದಳು.

"ಮನೆಗೆ ಬಾರೋ" ಅಂದಳು.

"ಇಬ್ಬರೂ ಬರ್ತೀವಿ. ಬನ್ನಿ ಅನ್ನು."

ಅವನು ಬಾಗಿಲಿಗೆ ಬೂಟು ಅಡ್ಡ ಕೊಟ್ಟು ನಿಂತ. ಅವಳ ಕಣ್ಣ ಮುಂದೆ ಅವಳ ಅಡುಗೆಮನೆ ಬಂತು, ಎದುರು ಎದುರು ಎರಡು ತಟ್ಟೆ ಬಂದವು, ಮೂರನೆಯ ತಟ್ಟೆಯ ಮುಂದೆ ಕಿವಿಯಲ್ಲಿ ಹರಳಿದ್ದವನು ಬಂದು ಕೂತ, ಕಿಟಕಿಯಾಚೆ ಪಕ್ಕದ ಮನೆಯವಳು ಬಗ್ಗಿ ನೋಡಿದಳು. ಬಾಗಿಲು ಬೂಟಿಗೆ ಬಡಿದು ಹಿಂದೆ ಸರಿಯಿತು. ಇಡೀ ಊರಿನ ಬೆವರಿಳಿಸಿದ ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ. ಬಾಗಿಲು ಮತ್ತೆ ಬಂದು ಬಡಿಯಿತು, ಮತ್ತೆ ಸರಿಯಿತು. ಅವನು ಕಾಲು ತೆಗೆದ.

"ಬನ್ನಿ" ಅಂದಳು ಕಡ್ಡಿ ಅಕ್ಕ. "ಇಬ್ಬರೂ ಬನ್ನಿ." ಅಷ್ಟರಲ್ಲಿ ಲಿಫ್ಟ್ ಮೇಲಕ್ಕೆ ಹೋಗಿತ್ತು.